ಪೆಟ್ಲುಪ್ಪಿನ ಪಾಳು ಊರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಚಿಲಿ ದೇಶದ ಅಟಕಾಮಾ ಮರುಭೂಮಿಯ ಒಂದು ಫೋಟೋ ಹಾಕಿದ್ದೆವು. ಹಂಬರ್‌ಸ್ಟೋನ್ ಎಂಬ ಗಣಿ ಊರಿನ ಖಾಲಿ ನಾಟಕಶಾಲೆ, ಸಾಲು ಸಾಲು ಮರದ ಕುರ್ಚಿ, ಅಷ್ಟೇ. ಅದರ ಬಗ್ಗೆ ಎಷ್ಟೊಂದು ಪತ್ರ ಬಂದವೆಂದರೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಲ್ಲಿ ಅಗೆಯುತ್ತಿದ್ದದ್ದು ಏನು, ಚಿನ್ನವೋ ತಾಮ್ರವೋ? ಹನಿ ನೀರಿಲ್ಲದ ಜಾಗದಲ್ಲಿ ನಾಟಕಶಾಲೆ ಕಟ್ಟುವಷ್ಟು ದುಡ್ಡು ಎಲ್ಲಿಂದ ಬಂತು?

ಚಿನ್ನವೂ ಅಲ್ಲ, ತಾಮ್ರವೂ ಅಲ್ಲ. ಉಪ್ಪು. ಅಡುಗೆ ಉಪ್ಪಲ್ಲ, ಸೋಡಿಯಂ ನೈಟ್ರೇಟ್. ಶಾಲೆ ಪುಸ್ತಕದಲ್ಲಿ ಚಿಲಿ ಸಾಲ್ಟ್‌ಪೀಟರ್ ಅಂತ ಓದಿರುತ್ತೀರಿ, ನಮ್ಮ ಪೆಟ್ಲುಪ್ಪಿನ ದಾಯಾದಿ. ಹೊಲಕ್ಕೆ ಹಾಕಿದರೆ ಗೊಬ್ಬರ, ಕಾರ್ಖಾನೆಗೆ ಕೊಟ್ಟರೆ ಸ್ಫೋಟಕದ ಕಚ್ಚಾ ಮಾಲು. ಹತ್ತೊಂಬತ್ತನೇ ಶತಮಾನದ ಯುರೋಪಿಗೆ ಎರಡೂ ಬೇಕಿತ್ತು, ಅದೂ ಹಡಗುಗಟ್ಟಲೆ.

ಈ ಉಪ್ಪಿನ ಗುಣ ನೋಡಿ, ನೀರು ಕಂಡರೆ ಕರಗಿ ಹೋಗುತ್ತದೆ. ಮಳೆ ಬೀಳುವ ನೆಲದಲ್ಲಿ ಇದು ರಾಶಿಯಾಗಿ ಉಳಿಯುವುದೇ ಇಲ್ಲ. ಅಟಕಾಮಾ ಭೂಮಿಯ ಮೇಲಿನ ಅತಿ ಒಣ ಮರುಭೂಮಿಗಳಲ್ಲಿ ಒಂದು, ಹಾಗಾಗಿ ಕೂತಲ್ಲೇ ಕೂತು ಗಟ್ಟಿ ಪದರವಾಗಿತ್ತು. ಆ ಪದರಕ್ಕೆ ಅಲ್ಲಿನವರು ಕಲೀಚೆ ಅನ್ನುತ್ತಾರೆ. ಬಯಲಿಗೆ ಪಾಂಪಾ, ಅಲ್ಲಿ ಬದುಕಿದವರಿಗೆ ಪಾಂಪಿನೋ. ಕಾರ್ಖಾನೆ, ಕೂಲಿಯವರ ಮನೆ, ಅಂಗಡಿ ಎಲ್ಲ ಸೇರಿದ ಒಂದೊಂದು ಕಂಪನಿ ಊರಿಗೆ ಒಫಿಸೀನಾ. ಇಂಥವು ಇನ್ನೂರಕ್ಕೂ ಜಾಸ್ತಿ ಇದ್ದವು.

ಹಂಬರ್‌ಸ್ಟೋನ್ ಮತ್ತು ಪಕ್ಕದ ಸಾಂತಾ ಲೌರಾ ಎರಡೂ ಶುರುವಾದದ್ದು 1872ರಲ್ಲಿ. ಆಗ ಆ ಜಾಗ ಚಿಲಿಯದ್ದೇ ಅಲ್ಲ, ಪೆರುವಿನದು. 1879ರಲ್ಲಿ ಯುದ್ಧ ಶುರುವಾಯಿತು. ಕಾರಣಗಳು ಬೇರೆ ಬೇರೆ ಹೇಳುತ್ತಾರೆ, ಆದರೆ ನೆಲದಡಿಯ ಈ ಉಪ್ಪನ್ನು ಬಿಟ್ಟು ಆ ಯುದ್ಧದ ಕತೆ ಹೇಳಲು ಬರುವುದಿಲ್ಲ. ಪೆರು ತಾರಾಪಕಾ ಪ್ರಾಂತ್ಯ ಕಳೆದುಕೊಂಡಿತು, ಬೊಲಿವಿಯಾ ತನ್ನ ಸಮುದ್ರ ತೀರವನ್ನೇ ಕಳೆದುಕೊಂಡಿತು, ಇವತ್ತಿಗೂ ಅದಕ್ಕೆ ತೀರ ಇಲ್ಲ. ಗೆದ್ದ ಚಿಲಿಗೆ ಮುಂದಿನ ಸುಮಾರು ನಲವತ್ತು ವರ್ಷ ಸರಕಾರದ ಆದಾಯದ ಅರ್ಧದಷ್ಟು ಈ ಉಪ್ಪಿನ ರಫ್ತು ಸುಂಕದಿಂದಲೇ ಬಂತು. ನಾಟಕಶಾಲೆಯ ದುಡ್ಡು ಎಲ್ಲಿಂದ ಅಂತ ಕೇಳಿದಿರಲ್ಲ, ಅದೂ ಈ ಉಪ್ಪಿನ ದುಡ್ಡೇ. ತಮಾಷೆ ಏನೆಂದರೆ ಆ ನಾಟಕಶಾಲೆ, ಈಜುಕೊಳ ಎಲ್ಲ ಕಟ್ಟಿದ್ದು 1930ರ ದಶಕದಲ್ಲಿ, ಉದ್ಯಮ ಮುಳುಗಲು ಶುರುವಾದ ಮೇಲೆ.

ಪ್ರಶ್ನೆ: ಹಂಬರ್‌ಸ್ಟೋನ್ ಅನ್ನೋದು ಸ್ಪ್ಯಾನಿಷ್ ಹೆಸರಿನ ಹಾಗಿಲ್ಲವಲ್ಲ?

ಅಲ್ಲ. ಜೇಮ್ಸ್ ಹಂಬರ್‌ಸ್ಟೋನ್ ಒಬ್ಬ ಬ್ರಿಟಿಷ್ ಎಂಜಿನಿಯರ್, ಅಲ್ಲಿನವರ ಬಾಯಲ್ಲಿ ಸಾಂತಿಯಾಗೋ. ಊರಿನ ಮೊದಲ ಹೆಸರು ಲಾ ಪಾಲ್ಮಾ. 1930ರ ದಶಕದಲ್ಲಿ ಹೊಸ ಕಂಪನಿಯ ಕೈಗೆ ಬಂದ ಮೇಲೆ ಇವರ ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಸೋಡಾ ತಯಾರಿಸಲು ಬಳಸುತ್ತಿದ್ದ ಶ್ಯಾಂಕ್ಸ್ ವಿಧಾನವನ್ನು 1870ರ ದಶಕದಲ್ಲಿ ಈ ಉಪ್ಪಿಗೆ ಹೊಂದಿಸಿದವರು ಅವರು. ಕಲೀಚೆಯನ್ನು ಪುಡಿ ಮಾಡಿ ದೊಡ್ಡ ಕಬ್ಬಿಣದ ಕೊಪ್ಪರಿಗೆಗೆ ಸುರಿಯುವುದು. ಕೊಪ್ಪರಿಗೆಯೊಳಗಿನ ಕೊಳವೆಗಳಲ್ಲಿ ಹಬೆ ಹರಿಸಿ ನೀರು ಕಾಯಿಸುವುದು. ಉಪ್ಪು ಹೀರಿದ ಆ ನೀರನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಾ ಗಟ್ಟಿ ಮಾಡಿ, ಕೊನೆಗೆ ಅಗಲ ತೊಟ್ಟಿಗಳಲ್ಲಿ ಆರಲು ಬಿಡುವುದು. ಆರುತ್ತಾ ಹರಳು ಕಟ್ಟುತ್ತದೆ. ಮಿಕ್ಕ ನೀರಿನಿಂದ ಅಯೋಡಿನ್ ಕೂಡ ತೆಗೆಯುತ್ತಿದ್ದರು. ಮೊದಲು ಎಸೆಯುತ್ತಿದ್ದ ಕಡಿಮೆ ದರ್ಜೆಯ ಕಲ್ಲಿನಿಂದಲೂ ಇದರಿಂದ ಉಪ್ಪು ತೆಗೆಯಲು ಬಂತು, ಲಾಭ ಏರಿತು.

ಪ್ರಶ್ನೆ: ಇಷ್ಟು ದೊಡ್ಡ ಉದ್ಯಮ ಹೇಗೆ ಸತ್ತಿತು?

ಒಂದೇ ಮಾತಲ್ಲಿ ಹೇಳಬೇಕಂದ್ರೆ, ಗಾಳಿಯಿಂದ ಗೊಬ್ಬರ ಮಾಡುವುದನ್ನು ಜರ್ಮನಿಯವರು ಕಲಿತರು. 1909ರಲ್ಲಿ ಫ್ರಿಟ್ಜ್ ಹೇಬರ್ ಪ್ರಯೋಗಶಾಲೆಯಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದರು, 1913ರಲ್ಲಿ ಒಪ್ಪೌ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಮಹಾಯುದ್ಧ ಇನ್ನೊಂದಷ್ಟು ವರ್ಷ ಚಿಲಿಯ ಉಪ್ಪಿಗೆ ಗಿರಾಕಿ ಕೊಟ್ಟಿತು. 1929ರ ಆರ್ಥಿಕ ಕುಸಿತ ಬೆನ್ನು ಮುರಿಯಿತು. ಹಂಬರ್‌ಸ್ಟೋನ್ ಕುಂಟುತ್ತಾ ಬಂದು 1960ರಲ್ಲಿ ಬಾಗಿಲು ಹಾಕಿತು.

ಪ್ರಶ್ನೆ: ಮಕ್ಕಳನ್ನು ಗುಂಡಿಗಿಳಿಸಿ, ಕೂಲಿಗೆ ದುಡ್ಡಿನ ಬದಲು ಬಿಲ್ಲೆ ಕೊಟ್ಟು ದುಡಿಸಿಕೊಂಡ ಜಾಗ ಅಂತ ಓದಿದೆ. ನಿಜಾನಾ? ನಿಜವಾದರೆ ಅಂಥದ್ದನ್ನು ದುಡ್ಡು ಸುರಿದು ಉಳಿಸುವುದು ಯಾಕೆ? ಕೆಡವಿ ಹಾಕಬಾರದೇ?

ಈ ಕಟ್ಟಿನಲ್ಲಿ ನನಗೆ ಜಾಸ್ತಿ ಹಿಡಿಸಿದ ಪತ್ರ ಇದು. ಕೋಪದಲ್ಲಿ ಬರೆದಿದ್ದಾರೆ, ಕೋಪ ಸರಿಯಾಗೇ ಇದೆ. ಕೆಡವಬೇಕು ಅನ್ನುವ ಕಡೆ ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು, ನಿಜಾನಾ ಅನ್ನುವುದಕ್ಕೆ: ನಿಜ. ಕಲೀಚೆ ಪದರ ಒಡೆಯಬೇಕೆಂದರೆ ಕೂಲಿಯಾಳು ಹಾರೆಯಿಂದ ನೆಲದಲ್ಲಿ ಕಿರಿದಾದ ತೂತು ಕೊರೆಯುತ್ತಿದ್ದ. ತೂತಿನ ತಳದಲ್ಲಿ ಮದ್ದು ತುಂಬಲು ಗೂಡು ಮಾಡಬೇಕು. ದೊಡ್ಡವರ ಮೈ ಒಳಗೆ ಹಿಡಿಸುವುದಿಲ್ಲ. ಅದಕ್ಕೆ ಸಣಕಲು ಹುಡುಗನನ್ನು ಇಳಿಸುತ್ತಿದ್ದರು, ಅವನಿಗೆ ದೆಸ್ತಸಾದೋರ್ ಅಂತ ಹೆಸರೇ ಇತ್ತು. ಉಪ್ಪಿನ ಹೆಂಟೆ ಒಡೆಯಲು ಇನ್ನಷ್ಟು ಹುಡುಗರು. ದೊಡ್ಡವರಲ್ಲಿ ಕೊಪ್ಪರಿಗೆಗೆ ಇಳಿಯುವವರ ಪಾಡು ಎಲ್ಲಕ್ಕಿಂತ ಕಷ್ಟ: ಉಪ್ಪು ತೆಗೆದ ಮೇಲೆ ಉಳಿದ ಮಣ್ಣನ್ನು, ಕೊಪ್ಪರಿಗೆ ಇನ್ನೂ ಸುಡುತ್ತಿರುವಾಗಲೇ, ಅರೆಬೆತ್ತಲೆ ಮೈಯಲ್ಲಿ ಸಲಿಕೆ ಹಿಡಿದು ಬಾಚಿ ಹಾಕಬೇಕು.

ಬಿಲ್ಲೆಯೂ ನಿಜ. ಒಂದೊಂದು ಒಫಿಸೀನಾಗೆ ಒಂದೊಂದು ಬಿಲ್ಲೆ. ಕಂಪನಿಯ ಅಂಗಡಿಯಲ್ಲಿ, ಅಂದರೆ ಪುಲ್ಪೆರಿಯಾದಲ್ಲಿ, ಬಿಟ್ಟರೆ ಬೇರೆಲ್ಲೂ ನಡೆಯುವುದಿಲ್ಲ. ಬದಲಾಯಿಸಿ ಕಾಸು ಕೇಳಿದರೆ ಮುರಿದುಕೊಂಡು ಕೊಡುತ್ತಿದ್ದರು. ಕೂಲಿ ಕೊಡುವವನೂ ಅವನೇ, ಅಕ್ಕಿ ಬೇಳೆ ಮಾರುವವನೂ ಅವನೇ, ತಕ್ಕಡಿ ಹಿಡಿಯುವವನೂ ಅವನೇ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳುವುದು ಅಂದರೆ ಇದೇ ಅಲ್ವಾ.

1907ರ ಡಿಸೆಂಬರಿನಲ್ಲಿ ಕೂಲಿಯವರು ಕೆಲಸ ನಿಲ್ಲಿಸಿ ಪಾಂಪಾದಿಂದ ಇಕೀಕೆ ಬಂದರಿಗೆ ಇಳಿದು ಬಂದರು, ಹೆಂಡತಿ ಮಕ್ಕಳನ್ನೂ ಕರೆದುಕೊಂಡು. ಅವರು ಇಟ್ಟ ಬೇಡಿಕೆಗಳ ಪಟ್ಟಿ ಇವತ್ತಿಗೂ ಇದೆ. ಕ್ರಾಂತಿ ಗಿಂತಿ ಅದರಲ್ಲಿ ಇಲ್ಲ. ಕೂಲಿಯನ್ನು ಬೆಲೆ ಬಿದ್ದುಹೋಗದ ಹಣದಲ್ಲಿ ಕೊಡಿ. ಬಿಲ್ಲೆಗೆ ಪೂರ್ತಿ ಬೆಲೆ ಕೊಡಿ. ಕುದಿಯುವ ಕೊಪ್ಪರಿಗೆಗಳ ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಆಳುಗಳು ಬಿದ್ದು ಸಾಯುತ್ತಿದ್ದಾರೆ. ಪುಲ್ಪೆರಿಯಾದ ಹೊರಗೆ ಒಂದು ತಕ್ಕಡಿ, ಒಂದು ಅಳತೆಗೋಲು ಇಡಿ, ಕೊಂಡದ್ದನ್ನು ನಾವೇ ತೂಗಿ ಅಳೆದು ನೋಡಿಕೊಳ್ಳುತ್ತೇವೆ. ಕೂಲಿಯವರಿಗೆ ಸಂಜೆ ಶಾಲೆ ನಡೆಸಲು ಒಂದು ಜಾಗ ಕೊಡಿ.

ಡಿಸೆಂಬರ್ 21ರಂದು ಸಾಂತಾ ಮರಿಯಾ ಶಾಲೆಯಲ್ಲಿ ಸೇರಿದ್ದ ಅವರ ಮೇಲೆ ಜನರಲ್ ರೊಬೆರ್ತೋ ಸಿಲ್ವಾ ರೆನಾರ್ಡ್ ಮೆಷಿನ್ ಗನ್ ಹಾರಿಸಿದ. ಪೆರು, ಬೊಲಿವಿಯಾ ದೇಶದ ಕೂಲಿಯವರಿಗೆ ಅವರವರ ದೇಶದ ಪ್ರತಿನಿಧಿಗಳು ಹೊರಗೆ ಬಂದುಬಿಡಿ ಎಂದಿದ್ದರು, ಅವರು ಚಿಲಿಯವರನ್ನು ಬಿಟ್ಟು ಬರಲಿಲ್ಲ. ಸತ್ತವರೆಷ್ಟು ಅನ್ನುವುದು ಇವತ್ತಿಗೂ ಇತ್ಯರ್ಥ ಆಗಿಲ್ಲ. ಸರಕಾರದ ಲೆಕ್ಕ ನೂರರ ಆಸುಪಾಸಿನಲ್ಲಿ, ಪಾಂಪಿನೋಗಳ ನೆನಪಿನಲ್ಲಿ ಅದು ಸಾವಿರಗಳಲ್ಲಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಂಬರ್‌ಸ್ಟೋನಿನ ಪುಲ್ಪೆರಿಯಾ ಮುಂದೆ, ಸಾಂತಾ ಲೌರಾದ ಕೊಪ್ಪರಿಗೆ ಮನೆಯಲ್ಲಿ ನಿಂತವರಿಗೆ ವಿವರಿಸಲು ಜಾಸ್ತಿ ಏನೂ ಉಳಿದಿರುವುದಿಲ್ಲ. ಕೊಪ್ಪರಿಗೆ ಎಷ್ಟು ಆಳ, ಅಂಚು ಎಷ್ಟು ಕಿರಿದು, ಅಂಗಡಿಯಿಂದ ಮನೆ ಎಷ್ಟು ದೂರ, ಮ್ಯಾನೇಜರ್ ಮನೆಯ ಜಗಲಿ ಎಷ್ಟು ಅಗಲ, ಮದುವೆಯಾಗದ ಕೂಲಿಯವರ ಕೋಣೆ ಎಷ್ಟು ಇಕ್ಕಟ್ಟು, ಎಲ್ಲ ಕಣ್ಣಿಗೇ ಕಾಣುತ್ತದೆ. ಕೆಡವಿದರೆ ಲಾಭ ಯಾರಿಗೆ? ಮಾಡಿದವರಿಗೇ. ಸಾಕ್ಷಿಯೇ ಇಲ್ಲವಾಗುತ್ತದೆ.

ಇನ್ನೊಂದು ಭಯ ಮಾತ್ರ ನನಗೂ ಇದೆ. ನಾಟಕಶಾಲೆ, ಈಜುಕೊಳ, ಚರ್ಚು ಇಷ್ಟನ್ನೇ ಚೆಂದ ಮಾಡಿ ತೋರಿಸಿದರೆ ಆ ಜಾಗ ಕಂಪನಿಯ ಜಾಹೀರಾತಾಗಿ ಬಿಡುತ್ತದೆ. (ಈಜುಕೊಳವನ್ನು ಮುಳುಗಿದ ಹಡಗಿನ ಕಬ್ಬಿಣದಿಂದ ಮಾಡಿದ್ದು ಎಂದು ಹೇಳುತ್ತಾರೆ, ಅದನ್ನು ನೋಡದೆ ಯಾರೂ ಮುಂದೆ ಹೋಗುವುದಿಲ್ಲ.) ಅದಕ್ಕೇ ಹಂಬರ್‌ಸ್ಟೋನ್ ಒಂದನ್ನೇ ಅಲ್ಲ, ಸಾಂತಾ ಲೌರಾವನ್ನೂ ಸೇರಿಸಿ ಉಳಿಸಿದ್ದು ದೊಡ್ಡ ವಿಷಯ. ಜನ ಬದುಕಿದ ಊರು ಒಂದರಲ್ಲಿ ಚೆನ್ನಾಗಿ ಉಳಿದಿದೆ, ಜನ ದುಡಿದ ಕಾರ್ಖಾನೆ ಇನ್ನೊಂದರಲ್ಲಿ.

ಪ್ರಶ್ನೆ: ಮಳೆಯೇ ಇಲ್ಲದ ಜಾಗ. ತುಕ್ಕು ಹಿಡಿಯಲ್ಲ, ಗೆದ್ದಲು ಬರಲ್ಲ. ಮತ್ತೆ ಯುನೆಸ್ಕೋ ಇದನ್ನು ಅಪಾಯದ ಪಟ್ಟಿಗೆ ಯಾಕೆ ಸೇರಿಸಿತ್ತು?

ಮಳೆ ಇಲ್ಲ, ಸರಿ. ಗುಜರಿ ಇದೆಯಲ್ಲ!

ಊರು ಮುಚ್ಚಿದ ಮೇಲೆ ಅದನ್ನು ಗುಜರಿ ಲೆಕ್ಕದಲ್ಲಿ ಮಾರಿದರು. ಬಾಯ್ಲರ್, ಕೊಳವೆ, ಹಳಿ, ಯಂತ್ರ ಎಲ್ಲ ತೂಕಕ್ಕೆ ಹೋಗುವ ಮಾಲು. 1970ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದ ಮೇಲೆ ಬಿಚ್ಚುವ ಕೆಲಸಕ್ಕೆ ಕಡಿವಾಣ ಬಿತ್ತು, ಆದರೆ ಕಾವಲಿಲ್ಲದ ಖಾಲಿ ಊರಿನಿಂದ ಬಾಗಿಲು, ಹಲಗೆ, ತಗಡು ಕದ್ದು ಒಯ್ಯುವುದಕ್ಕೆ ಘೋಷಣೆ ಅಡ್ಡ ಬರುತ್ತದೆಯೇ? ನಲವತ್ತು ವರ್ಷ ರಿಪೇರಿಯೂ ಇರಲಿಲ್ಲ. ಇನ್ನುಳಿದಿದ್ದು ಗಾಳಿ. ಒಂದು ತಗಡಿನ ಮೊಳೆ ಕಿತ್ತರೆ ಸಾಕು, ಅದು ಬಡಿದು ಬಡಿದು ಪಕ್ಕದ್ದನ್ನೂ ಸಡಿಲ ಮಾಡುತ್ತದೆ.

ತುಕ್ಕು ಹಿಡಿಯಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಪೆಸಿಫಿಕ್ ಕಡೆಯಿಂದ ಕಮಾಂಚಾಕಾ ಎಂಬ ಮಂಜು ಬರುತ್ತದೆ. ಅಲ್ಲಿ ನೆಲದಲ್ಲಿ, ಗೋಡೆಯ ಗಾರೆಯಲ್ಲಿ, ಧೂಳಿನಲ್ಲಿ ಎಲ್ಲೆಲ್ಲೂ ಉಪ್ಪು. ಉಪ್ಪು ತೇವ ಎಳೆಯುತ್ತದೆ, ಕಬ್ಬಿಣ ತಿನ್ನುತ್ತದೆ. ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ, ಮರ ಹಿಗ್ಗಿ ಕುಗ್ಗಿ ಸೀಳುತ್ತದೆ. ಮೇಲೆ ಭೂಕಂಪ. 2005ರ ಜೂನ್‌ನಲ್ಲಿ ತಾರಾಪಕಾದಲ್ಲಿ ದೊಡ್ಡದೊಂದು ಆಯಿತು. ಮರುತಿಂಗಳೇ ಯುನೆಸ್ಕೋ ಈ ಎರಡು ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಜೊತೆಜೊತೆಗೇ ಅಪಾಯದ ಪಟ್ಟಿಗೂ. ಸನ್ಮಾನ ಮಾಡಿ ಅಲ್ಲಿಂದಲೇ ಆಸ್ಪತ್ರೆಗೆ ಸೇರಿಸಿದ ಹಾಗೆ. 2014ರ ಏಪ್ರಿಲ್ 1ರಂದು ಇಕೀಕೆ ಹತ್ತಿರ 8.2 ತೀವ್ರತೆಯ ಇನ್ನೊಂದು ಭೂಕಂಪ.

ಅಪಾಯದ ಪಟ್ಟಿಯಿಂದ ಹೊರಗೆ ಬಂದದ್ದು 2019ರಲ್ಲಿ. ಹದಿನಾಲ್ಕು ವರ್ಷ ಹಿಡಿಯಿತು. ಬೇಲಿ, ಕಾವಲು, ಬೀಳುವಂತಿದ್ದ ಕಟ್ಟಡಗಳಿಗೆ ಊರೆ, ಮರದ ರಿಪೇರಿ, ನಿರ್ವಹಣಾ ಯೋಜನೆ, ಇಂಥ ಮಂದ ಕೆಲಸಗಳು. ಸುದ್ದಿಯಾಗುವಂಥದ್ದು ಇದರಲ್ಲಿ ಏನೂ ಇಲ್ಲ, ಪಾಳು ಕಟ್ಟಡ ಉಳಿಯುವುದು ಮಾತ್ರ ಇದರಿಂದಲೇ.

ಪ್ರಶ್ನೆ: ಫೋಟೋದಲ್ಲಿ ತಗಡೆಲ್ಲ ಕಂದು ಬಣ್ಣ, ಗೋಡೆ ಸಿಪ್ಪೆ ಎದ್ದಿದೆ. ಹದಿನಾಲ್ಕು ವರ್ಷ ರಿಪೇರಿ ಮಾಡಿದವರು ಒಂದು ಕೈ ಬಣ್ಣ ಹೊಡೆಯಬಾರದಿತ್ತಾ?

ಹೊಡೆಯಬಾರದು ಅನ್ನುವವರ ಪೈಕಿ ನಾನು. ಬೀಳದ ಹಾಗೆ ನೋಡಿಕೊಳ್ಳುವುದು ಬೇರೆ, ಹೊಸದರ ಹಾಗೆ ಮಾಡುವುದು ಬೇರೆ. ಈ ಊರುಗಳನ್ನು ನೂರು ವರ್ಷ ನಿಲ್ಲಲಿ ಅಂತ ಯಾರೂ ಕಟ್ಟಲೇ ಇಲ್ಲ. ಉಪ್ಪು ಇರುವ ತನಕ ಇದ್ದರೆ ಸಾಕು ಅನ್ನುವ ಲೆಕ್ಕ. ಮರುಭೂಮಿಯಲ್ಲಿ ಮರ ಎಲ್ಲಿಂದ ಬರಬೇಕು? ಒರೆಗಾನ್ ಪೈನ್ ಎಂಬ ಮರ ಉತ್ತರ ಅಮೆರಿಕದಿಂದ ಹಡಗಿನಲ್ಲಿ ಬಂತು. ಅದರ ಚೌಕಟ್ಟು, ಮೇಲೆ ಅಲೆಅಲೆಯ ತಗಡು. ಅಷ್ಟೇ ಮನೆ. ಇಂಥದ್ದಕ್ಕೆ ಪೂರ್ತಿ ಹೊಸ ತಗಡು ಹೊದಿಸಿ ಬಣ್ಣ ಬಳಿದರೆ ಉಳಿಯುವುದು ಗೋದಾಮು.

ಹಾಗಂತ ಏನನ್ನೂ ಮುಟ್ಟಬಾರದು ಅಂತಲ್ಲ. ಕೊಳೆತ ಕಂಬದ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರ ಜೋಡಿಸಬಹುದು. ಸಾಂತಾ ಲೌರಾದ ಕೊಪ್ಪರಿಗೆ ಮನೆಯಂಥ ಎತ್ತರದ ಮರದ ಕಟ್ಟಡಕ್ಕೆ ಆಸರೆ ಕೊಡದೆ ಬಿಟ್ಟರೆ ಮುಂದಿನ ಭೂಕಂಪಕ್ಕೆ ಅದು ಇರುವುದಿಲ್ಲ. ಆ ಕೆಲಸಕ್ಕೆ ಎಂಜಿನಿಯರ್ ಎಷ್ಟು ಬೇಕೋ ಒಳ್ಳೆ ಬಡಗಿಯೂ ಅಷ್ಟೇ ಬೇಕು.

ಇನ್ನೊಂದು, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರ್ಖಾನೆಯ ಪಕ್ಕದಲ್ಲಿ ಉಪ್ಪು ತೆಗೆದು ಬಿಸಾಕಿದ ಮಣ್ಣಿನ ದೊಡ್ಡ ದಿಬ್ಬ ಇದೆ. ಅಲ್ಲಿನವರು ತೋರ್ತಾ ಅನ್ನುತ್ತಾರೆ. ಪ್ರವಾಸಿಗಳು ಅದಕ್ಕೆ ಬೆನ್ನು ಹಾಕಿ ಚಿಮಣಿಯ ಫೋಟೋ ತೆಗೆದುಕೊಳ್ಳುತ್ತಾರೆ. ಸುಡುವ ಕೊಪ್ಪರಿಗೆಯಿಂದ ಬಾಚಿದರು ಅಂದೆನಲ್ಲ, ಆ ಮಣ್ಣೇ ಅದು, ಸಲಿಕೆ ಸಲಿಕೆಯಾಗಿ ಎತ್ತಿದ್ದು. ನನ್ನ ಮಟ್ಟಿಗೆ ನಾಟಕಶಾಲೆಗಿಂತ ದೊಡ್ಡ ಸ್ಮಾರಕ ಅದು. ಅದನ್ನು ಸವರಿ ಸಪಾಟು ಮಾಡುವ ಯೋಚನೆ ಯಾರಿಗೂ ಬಾರದಿರಲಿ.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿ. ಇದನ್ನು ಉಳಿಸಿದ್ದು ಸರಕಾರವೇ, ಯುನೆಸ್ಕೋನೇ, ಇಲ್ಲಾ ಬೇರೆ ಯಾರಾದರೂ?

ಕಾಗದದ ಮೇಲೆ ಸರಕಾರ, ಯುನೆಸ್ಕೋ ಎರಡೂ ಇವೆ. ಆದರೆ ಬಿಡದೆ ಬೆನ್ನು ಹತ್ತಿದವರು ಅಲ್ಲಿ ಬದುಕಿದವರು, ಅವರ ಮಕ್ಕಳು. 1997ರಲ್ಲಿ ಉಪ್ಪಿನ ಮ್ಯೂಸಿಯಂ ನಿಗಮ ಎಂಬ ಸಂಸ್ಥೆ ಹುಟ್ಟಿತು. 2002ರಲ್ಲಿ ಹರಾಜಿನಲ್ಲಿ ಆ ಜಾಗವನ್ನು ಆ ಸಂಸ್ಥೆ ಕೊಂಡುಕೊಂಡಿತು. ಯುನೆಸ್ಕೋ ಬಂದದ್ದು ಅದಾದ ಮೂರು ವರ್ಷಕ್ಕೆ. ಪ್ರತಿ ವರ್ಷ ನವೆಂಬರಿನಲ್ಲಿ ಉಪ್ಪಿನ ವಾರ ನಡೆಯುತ್ತದೆ, ಹಳೇ ಪಾಂಪಿನೋ ಕುಟುಂಬಗಳು ಬಂದು ಸೇರುತ್ತವೆ.

ಇವರಿಗೆ ಅದು ಶೋಷಣೆಯ ಜಾಗ ಮಾತ್ರ ಅಲ್ಲ. ಹುಟ್ಟಿದ ಊರು, ಮೊದಲ ಸಲ ಸಿನಿಮಾ ನೋಡಿದ ಊರು. ಕೋಪದ ಪತ್ರ ಬರೆದವರಿಗೂ ಇದನ್ನು ಹೇಳಬೇಕಿತ್ತು: ಅಪ್ಪನ ಶ್ವಾಸಕೋಶ ತಿಂದ ಧೂಳಿನ ಮೇಲೆ ಸಿಟ್ಟಿರುವವರೇ ಅದೇ ಊರಿನ ಬ್ಯಾಂಡು, ಫುಟ್‌ಬಾಲು ನೆನೆದು ಹಿಗ್ಗುತ್ತಾರೆ. ಎರಡೂ ನಿಜ. ಸಂಶೋಧನೆ ಮಾಡುವುದಾದರೆ ಈ ಹಿರಿಯರ ಮಾತನ್ನು ದಾಖಲಿಸುವ ಕಡೆ ಗಮನ ಕೊಡಿ. ಊರು ಮುಚ್ಚಿದ್ದು 1960ರಲ್ಲಿ, ಆಗ ಹತ್ತು ವರ್ಷದ ಮಗುವಾಗಿದ್ದವರಿಗೂ ಈಗ ಎಪ್ಪತ್ತೈದು ದಾಟಿದೆ. ತಗಡು ಇನ್ನೊಂದಷ್ಟು ದಿನ ಕಾಯುತ್ತದೆ, ಅವರು ಕಾಯಲಾರರು.

ಸ್ಮಶಾನಗಳನ್ನೂ ಮರೆಯಬೇಡಿ. ಬಟ್ಟಬಯಲಲ್ಲಿ ಮರದ ಶಿಲುಬೆಗಳು. ಹೂ ಬೆಳೆಯದ ನೆಲ ನೋಡಿ, ಕಾಗದದ ಹೂವು, ತಗಡಿನ ಹೂವು ಮಾಡಿ ಕಟ್ಟಿದ್ದಾರೆ. ಎಷ್ಟೋ ಒಫಿಸೀನಾಗಳಲ್ಲಿ ಊರು ಪೂರ್ತಿ ಅಳಿಸಿಹೋಗಿ ಸ್ಮಶಾನವೊಂದೇ ಉಳಿದಿದೆ.

ಪ್ರಶ್ನೆ: ಇನ್ನೂರರಲ್ಲಿ ಎರಡೇನಾ ಉಳಿದದ್ದು?

ವಿಶ್ವ ಪರಂಪರೆಯಲ್ಲಿ ಎರಡೇ. ಬೇರೆಯವೂ ಇವೆ. ದಕ್ಷಿಣಕ್ಕೆ ಅಂತೋಫಗಾಸ್ತಾ ಕಡೆ ಚಕಬೂಕೋ ಇದೆ. 1920ರ ದಶಕದಲ್ಲಿ ಕಟ್ಟಿದ್ದು, ಇಪ್ಪತ್ತು ವರ್ಷವೂ ನಡೆಯಲಿಲ್ಲ. 1971ರಲ್ಲಿ ಸ್ಮಾರಕವಾಯಿತು. ಎರಡೇ ವರ್ಷಕ್ಕೆ ಪಿನೋಚೆ ಸೇನಾಡಳಿತ ಬಂದು ಅದೇ ಸ್ಮಾರಕವನ್ನು ರಾಜಕೀಯ ಕೈದಿಗಳ ಶಿಬಿರ ಮಾಡಿತು. ಈಗ ಅಲ್ಲಿ ಉಳಿಸಬೇಕಾದದ್ದು ಎರಡು ಇತಿಹಾಸ. ಮರಿಯಾ ಎಲೆನಾ ಎಂಬ ಊರಲ್ಲಿ ಇನ್ನೂ ಜನ ಇದ್ದಾರೆ, ಅದು 1926ರದು. ಅದರ ಜೊತೆಯ ಪೆದ್ರೋ ದೆ ವಾಲ್ದಿವಿಯಾ 1996ರಲ್ಲಿ ಖಾಲಿಯಾಯಿತು. ಮಿಕ್ಕವು ಹೆಚ್ಚಿನಂಶ ಅಡಿಪಾಯ, ಮಣ್ಣಿನ ದಿಬ್ಬ, ಒಡೆದ ಬಾಟಲಿ.

ಪ್ರಶ್ನೆ: ದಕ್ಷಿಣ ಅಮೆರಿಕ ಪ್ರವಾಸ ಹಾಕಿಕೊಂಡಿದ್ದೇವೆ. ಹೋಗಬಹುದಾ? ಒಂದು ಬಿಲ್ಲೆಯೋ ಮೊಳೆಯೋ ನೆನಪಿಗೆ ತರಬಹುದಾ?

ಹೋಗಬಹುದು, ಧಾರಾಳವಾಗಿ. ಇಕೀಕೆಯಿಂದ ಐವತ್ತು ಕಿಲೋಮೀಟರಿನೊಳಗೆ, ಹೆದ್ದಾರಿ ಪಕ್ಕದಲ್ಲೇ. ಬೆಳಿಗ್ಗೆ ಬೇಗ ಹೋಗಿ, ಟೋಪಿ ಮತ್ತು ನೀರು ಜಾಸ್ತಿ ಇಟ್ಟುಕೊಳ್ಳಿ, ನೆರಳು ಅಂದರೆ ಕಟ್ಟಡದ ಒಳಗಿನ ನೆರಳು ಮಾತ್ರ. ಎಲ್ಲರೂ ಹಂಬರ್‌ಸ್ಟೋನ್ ಸುತ್ತಿ ಸುಸ್ತಾಗಿ ಸಾಂತಾ ಲೌರಾವನ್ನು ಕಾರಿನಿಂದಲೇ ನೋಡಿ ಬರುತ್ತಾರೆ. ನೀವು ಸಾಂತಾ ಲೌರಾಕ್ಕೇ ಮೊದಲು ಹೋಗಿ. ಕಾರ್ಖಾನೆ ನೋಡಿದ ಮೇಲೆ ಊರು ನೋಡಿದರೆ ಅರ್ಥವಾಗುತ್ತದೆ.

ಮೊಳೆ ಮಾತ್ರ ಬೇಡ. ಬಿಲ್ಲೆಯೂ ಬೇಡ. ಒಬ್ಬೊಬ್ಬರು ಒಂದೊಂದು ಒಯ್ದೇ ಆ ಊರು ಅರ್ಧ ಖಾಲಿಯಾದದ್ದು.

ಚುಕಿಕಮಾತಾ ಎಂಬ ತಾಮ್ರದ ಗಣಿ ಊರಿನ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ. ಅದು ಬೇರೆಯದೇ ರಾಮಾಯಣ.